ಗಣಕಯಂತ್ರದ ಪ್ರಾರಂಭವಿಘ್ನಗಳು: ಒಂದು ಚಾರಿತ್ರಿಕ ವಿವೇಚನೆ

ಗಣಕಯಂತ್ರದ ಚರಿತ್ರೆಯನ್ನು ನಿರೂಪಿಸುವಾಗ ಅದರ ವೇಗವು ಹೇಗೆ ಹೆಚ್ಚಿತು, ಗಾತ್ರವು ಹೇಗೆ ಕುಗ್ಗಿತು, ಬೆಲೆಯು ಹೇಗೆ ಇಳಿಯಿತು ಎಂಬ ಮೂರು ಸಂಗತಿಗಳನ್ನು ಹೇಳುವುದು ವಾಡಿಕೆಯಾಗಿದೆ. ಈ ಮೂರೂ ನಡೆಯುತ್ತಿರುವ ಯಂತ್ರಕ್ಕೆ ಸಂಬಂಧಪಟ್ಟವು. ಗುಂಡಿಯನ್ನು ಒತ್ತಿದ ಮೇಲೂ ಯಂತ್ರವು ಪ್ರಾರಂಭವಾಗದೆ ಹೋದಾಗ ಏನು ಮಾಡುತ್ತಿದ್ದರು, ಅದರ ಕಾರಣವನ್ನು ಯಾರು ಯಾವ ಆಧಾರದಿಂದ ಗೊತ್ತುಪಡಿಸುತ್ತಿದ್ದರು ಎಂಬ ಪ್ರಶ್ನೆಗೆ ದೊರೆತಿರುವ ಗಮನ ಕಡಮೆ. ಮೇಜಿನ ಮೇಲಿಡುವ ಗಣಕವನ್ನು ಮುಖ್ಯವಾಗಿ ದೃಷ್ಟಿಯಲ್ಲಿಟ್ಟುಕೊಂಡು ಈ ಪ್ರಶ್ನೆಯನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಇತಿಹಾಸದ ಅಧ್ಯಾಪಕರಿಗೆ ಈ ವಿಷಯವೇಕೆ ಎಂದು ಓದುಗರು ಕೇಳಬಹುದು. ಇದಕ್ಕೆ ನಿಮಿತ್ತವಾದ ಒಂದು ಸಂಗತಿಯನ್ನು ಮೊದಲೇ ಹೇಳಿಬಿಡುತ್ತೇವೆ. ನಮ್ಮ ವಿಭಾಗದ ಹಳೆಯ ಗಣಕವೊಂದರಲ್ಲಿ ಹಿಂದಿನ ವರ್ಷಗಳ ವಿದ್ಯಾರ್ಥಿಗಳು ಕ್ಷೇತ್ರಕಾರ್ಯದಲ್ಲಿ ಬರೆದುಕೊಂಡು ಬಂದ ಶಾಸನಪಾಠಗಳೂ ಅಚ್ಚುಪ್ರತಿಗಳ ಛಾಯಾಚಿತ್ರಗಳೂ ಇದ್ದವು. ಅವುಗಳ ಪೈಕಿ ಕೆಲವು ಕಲ್ಲುಗಳು ಈಗ ತಮ್ಮ ಸ್ಥಳದಲ್ಲಿಲ್ಲ. ಬೇರೆಡೆ ಪ್ರತಿಯನ್ನು ಇಟ್ಟಿರಲಿಲ್ಲವೆಂಬುದು ನಮ್ಮದೇ ತಪ್ಪು. ಬೇಸಗೆಯ ರಜೆ ಮುಗಿದು ವಿಭಾಗ ತೆರೆದ ದಿನ ಆ ಗಣಕವು ಪ್ರಾರಂಭವಾಗಲಿಲ್ಲ. ನೀಲಿಯ ಪರದೆಯೊಂದು ಕ್ಷಣಕಾಲ ಮೂಡಿ ಮರೆಯಾಗುವುದು, ಯಂತ್ರವು ಮತ್ತೆ ಮೊದಲಿನಿಂದ ಹೊರಡುವುದು, ಮತ್ತೆ ಅದೇ ನೀಲಿಯ ಪರದೆ. ನೋಡಲು ಬಂದ ದುರಸ್ತಿಗಾರರು ಹತ್ತು ನಿಮಿಷದಲ್ಲಿ ನಿರ್ಣಯವನ್ನು ಕೊಟ್ಟರು: ಹಾರ್ಡ್ ಡಿಸ್ಕ್ ಕೆಟ್ಟಿದೆ, ಅದನ್ನು ಪೂರ್ತಿ ಅಳಿಸಿ ಎಲ್ಲವನ್ನೂ ಹೊಸದಾಗಿ ಹಾಕಬೇಕು. ಆಧಾರವೇನೆಂದು ಕೇಳಿದ್ದಕ್ಕೆ, ಸಾಮಾನ್ಯವಾಗಿ ಹೀಗೇ ಆಗುವುದೆಂಬ ಉತ್ತರ ಬಂದಿತು. ಆ ನಿರ್ಣಯ ಸರಿಯಾಗಿದ್ದಿತೆ ಎಂಬುದನ್ನು ಮುಂದೆ ಅದರ ಕಾಲಕ್ರಮದಲ್ಲಿ ಹೇಳುತ್ತೇವೆ.

ವಿಷಯದ ಮೂಲದಲ್ಲಿರುವ ತೊಡಕು ಇದು. ಗಣಕವು ಯಾವ ಕೆಲಸವನ್ನು ಮಾಡಬೇಕಾದರೂ ಅದರ ಸ್ಮೃತಿಯಲ್ಲಿ ಆದೇಶಗಳಿರಬೇಕು. ಆದೇಶಗಳನ್ನು ಹೊರಗಿನಿಂದ ಓದಿ ಸ್ಮೃತಿಗೆ ತರುವುದೂ ಒಂದು ಕೆಲಸವೇ ಆದುದರಿಂದ ಅದಕ್ಕೂ ಮೊದಲು ಆದೇಶಗಳಿರಬೇಕು. ಬೀಜವೃಕ್ಷನ್ಯಾಯದ ಈ ಗಂಟನ್ನು ಪಾಶ್ಚಾತ್ಯರು ತಮ್ಮ ಬೂಟಿನ ಪಟ್ಟಿಯನ್ನು ಹಿಡಿದು ತಮ್ಮನ್ನು ತಾವೇ ಮೇಲಕ್ಕೆತ್ತಿಕೊಳ್ಳುವ ಅಸಾಧ್ಯ ಸಾಹಸಕ್ಕೆ ಹೋಲಿಸಿದರು. ಗಣಕವು 'ಬೂಟ್ ಆಗುವುದು' ಎಂದು ನಾವು ಈಗ ಆಡುವ ಮಾತು ಅಲ್ಲಿಂದ ಬಂದುದು. ಪ್ರಾರಂಭದ ವಿಘ್ನವು ಇತರ ದೋಷಗಳಿಗಿಂತ ಭಿನ್ನವಾಗಿರುವುದೂ ಇದರಿಂದಲೇ. ನಡೆಯುತ್ತಿರುವ ಯಂತ್ರವು ತನ್ನ ದೋಷವನ್ನು ಪರದೆಯ ಮೇಲೆ ಬರೆದು ತಿಳಿಸಬಲ್ಲದು. ಪ್ರಾರಂಭವಾಗದ ಯಂತ್ರಕ್ಕೆ ಬರೆಯುವ ಶಕ್ತಿಯೇ ಇನ್ನೂ ಬಂದಿರುವುದಿಲ್ಲ. ಮಾತು ಬರುವ ಮೊದಲೇ ಸಾಕ್ಷ್ಯವನ್ನು ನುಡಿಯಬೇಕಾದ ಅವಸ್ಥೆ ಅದರದು. ಈ ಸಾಕ್ಷ್ಯವು ಒಂದೊಂದು ಕಾಲದಲ್ಲಿ ಒಂದೊಂದು ರೂಪದಲ್ಲಿದ್ದು, ಕಾಲ ಕಳೆದಂತೆ ಬಳಕೆದಾರನ ಕಣ್ಣಿನಿಂದ ದೂರ ಸರಿಯಿತೆಂಬುದು ನಮ್ಮ ಅಭಿಪ್ರಾಯ.

ಅಮೆರಿಕದಲ್ಲಿ ೧೯೪೫ರಲ್ಲಿ ಸಿದ್ಧವಾಗಿ ೧೯೪೬ರ ಫೆಬ್ರವರಿಯಲ್ಲಿ ಲೋಕಾರ್ಪಣೆಗೊಂಡ ಎನಿಯಾಕ್ ಯಂತ್ರದಲ್ಲಿ ಸುಮಾರು ೧೮,೦೦೦ ನಿರ್ವಾತ ಕೊಳವೆಗಳಿದ್ದವು. ಅದಕ್ಕೆ ಆದೇಶಗಳನ್ನು ತಂತಿಗಳನ್ನು ಚುಚ್ಚಿ, ಸ್ವಿಚ್ಚುಗಳನ್ನು ತಿರುಗಿಸಿ ಕೊಡುತ್ತಿದ್ದುದರಿಂದ ಮೇಲೆ ಹೇಳಿದ ಗಂಟು ಆಗ ಹುಟ್ಟಿರಲಿಲ್ಲ. ಅಲ್ಲಿದ್ದುದು ಬೇರೊಂದು ತೊಂದರೆ. ಕೊಳವೆಗಳು ಹೆಚ್ಚಾಗಿ ಸುಟ್ಟುಹೋಗುತ್ತಿದ್ದುದು ಯಂತ್ರ ನಡೆಯುವಾಗಲ್ಲ, ಅವು ಕಾಯುವಾಗ ಮತ್ತು ಆರುವಾಗ. ಪ್ರಾರಂಭಿಸುವುದೇ ಅಪಾಯಕರವಾದ ಕಾರ್ಯವಾಗಿದ್ದುದರಿಂದ ಯಂತ್ರವನ್ನು ಸಾಧ್ಯವಾದಷ್ಟೂ ಆರಿಸದೆ ಇಡುವ ಪದ್ಧತಿಯನ್ನು ಇಟ್ಟುಕೊಂಡರು. ನಮ್ಮ ದೇಶಕ್ಕೆ ೧೯೫೫ರಲ್ಲಿ ಕಲ್ಕತ್ತೆಯ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಗೆ ಬಂದ ಎಚ್.ಇ.ಸಿ.-೨ಎಂ, ಮುಂಬಯಿಯ ಟಾಟಾ ಮೂಲಭೂತ ಸಂಶೋಧನ ಸಂಸ್ಥೆಯಲ್ಲಿಯೇ ನಿರ್ಮಾಣವಾಗಿ ೧೯೬೦ರಲ್ಲಿ ಕಾರ್ಯಾರಂಭ ಮಾಡಿದ ಟಿಫ್ರಾಕ್ ಇವೂ ಕೊಳವೆಗಳ ಯಂತ್ರಗಳೇ.

ಗಂಟು ಮೊದಲು ಬಿಗಿದುದೂ ಬಿಡಿಸಲ್ಪಟ್ಟುದೂ ಆದೇಶಗಳನ್ನು ಸ್ಮೃತಿಯಲ್ಲಿಯೇ ಇಡುವ ಯಂತ್ರಗಳು ಬಂದಾಗ. ಕೇಂಬ್ರಿಜ್ ವಿಶ್ವವಿದ್ಯಾನಿಲಯದಲ್ಲಿ ಮಾರಿಸ್ ವಿಲ್ಕ್ಸ್ ಅವರ ನೇತೃತ್ವದಲ್ಲಿ ರಚಿತವಾದ ಎಡ್ಸಾಕ್ ೧೯೪೯ರ ಮೇ ೬ರಂದು ತನ್ನ ಮೊದಲ ಲೆಕ್ಕವನ್ನು ಮಾಡಿತು. ಅದರ ಸ್ಮೃತಿಯು ಪಾದರಸ ತುಂಬಿದ ಕೊಳವೆಗಳಲ್ಲಿ ಓಡಾಡುವ ಶಬ್ದತರಂಗಗಳ ರೂಪದಲ್ಲಿದ್ದು, ವಿದ್ಯುತ್ತು ನಿಂತೊಡನೆ ಅಳಿಸಿಹೋಗುತ್ತಿದ್ದಿತು. ಡೇವಿಡ್ ವೀಲರ್ ಅವರು ೩೧ ಆದೇಶಗಳ ಒಂದು ಕಿರುಕ್ರಮವನ್ನು ರಚಿಸಿದರು. ದೂರವಾಣಿ ವಿನಿಮಯ ಕೇಂದ್ರಗಳಲ್ಲಿ ಬಳಸುತ್ತಿದ್ದ ಸುತ್ತುವ ಸ್ವಿಚ್ಚುಗಳಲ್ಲಿ ಅದನ್ನು ತಂತಿಯ ಮೂಲಕ ಶಾಶ್ವತವಾಗಿ ಹೆಣೆದರು. ಗುಂಡಿಯನ್ನೊತ್ತಿದರೆ ಆ ೩೧ ಆದೇಶಗಳು ಸ್ಮೃತಿಗೆ ಇಳಿದು, ಅವು ಕಾಗದದ ರಂಧ್ರಪಟ್ಟಿಯಿಂದ ಉಳಿದುದನ್ನು ಓದುತ್ತಿದ್ದವು. ಅದೇ ವರ್ಷ ೪೧ ಆದೇಶಗಳ ಎರಡನೆಯ ಪಾಠ ಬಂದಿತು. ಇಂದಿನ ಪ್ರತಿಯೊಂದು ಗಣಕದಲ್ಲಿಯೂ ಇರುವ ಪ್ರಾರಂಭಕ್ರಮದ ಪೂರ್ವಜ ಇದೇ. ಎಡ್ಸಾಕ್‌ನ ಸ್ಮೃತಿಯಲ್ಲಿದ್ದುದನ್ನು ಚುಕ್ಕೆಗಳ ರೂಪದಲ್ಲಿ ತೋರಿಸುವ ಕಿರುಪರದೆಗಳೂ ಇದ್ದವೆಂಬುದು ನಮ್ಮ ವಿಷಯಕ್ಕೆ ಮುಖ್ಯ. ಪ್ರಾರಂಭ ಎಲ್ಲಿ ನಿಂತಿತೆಂಬುದನ್ನು ನಿರ್ವಾಹಕನು ಕಣ್ಣಾರೆ ನೋಡಬಹುದಾಗಿದ್ದಿತು.

ಮುಂದಿನ ಕಾಲು ಶತಮಾನದ ಯಂತ್ರಗಳಲ್ಲಿಯೂ ಈ ಗುಣ ಉಳಿದುಬಂದಿತು. ೧೯೬೫ರ ಪಿ.ಡಿ.ಪಿ.-೮ ಮೊದಲಾದವುಗಳ ಮುಖದ ಮೇಲೆ ದೀಪಗಳ ಸಾಲೂ ಸ್ವಿಚ್ಚುಗಳ ಸಾಲೂ ಇದ್ದು, ನಿರ್ವಾಹಕನು ಪ್ರಾರಂಭದ ಆದೇಶಗಳನ್ನು ಒಂದೊಂದಾಗಿ ಸ್ವಿಚ್ಚುಗಳಿಂದ ಹಾಕುತ್ತಿದ್ದನು. ಆ ಯಂತ್ರಗಳ ಸ್ಮೃತಿಯು ಕಾಂತೀಯ ಉಂಗುರಗಳದಾಗಿದ್ದು ವಿದ್ಯುತ್ತು ಹೋದರೂ ಅಳಿಯದಿದ್ದುದರಿಂದ, ಒಮ್ಮೆ ಹಾಕಿದ ಕ್ರಮವನ್ನು ದಿನವೂ ಹಾಕಬೇಕಾಗಿರಲಿಲ್ಲ. ಆದರೆ ೧೯೭೫ರ ಜನವರಿಯಲ್ಲಿ ಪ್ರಕಟವಾದ ಆಲ್ಟೇರ್ ೮೮೦೦, ಮನೆಯ ಮೇಜಿನ ಮೇಲಿಡಬಹುದಾದ ಅಗ್ಗದ ಯಂತ್ರವಾದರೂ, ಅದರ ಅರೆವಾಹಕ ಸ್ಮೃತಿಯು ಸ್ವಿಚ್ಚು ತೆಗೆದೊಡನೆ ಬರಿದಾಗುತ್ತಿದ್ದಿತು. ಪ್ರತಿಸಲವೂ ಮೊದಲಿನಿಂದ ಸ್ವಿಚ್ಚುಗಳನ್ನು ಹಾಕಬೇಕು. ಒಂದು ತಪ್ಪಿದರೂ ಎಲ್ಲವೂ ವ್ಯರ್ಥ. ಆ ಯಂತ್ರಕ್ಕೆ ಬೇಸಿಕ್ ಭಾಷೆಯನ್ನು ಸಿದ್ಧಪಡಿಸಿದ ಬಿಲ್ ಗೇಟ್ಸ್ ಮತ್ತು ಪಾಲ್ ಆಲನ್ ಅವರಿಗೆ ಈ ಕಿರುಕ್ರಮದ ಅಗತ್ಯ ಕಡೆಯ ಗಳಿಗೆಯವರೆಗೂ ಹೊಳೆಯಲಿಲ್ಲ. ಪ್ರದರ್ಶನಕ್ಕೆಂದು ಆಲ್ಬುಕರ್ಕಿಗೆ ಹೊರಟಿದ್ದ ಆಲನ್ ಅದನ್ನು ವಿಮಾನದಲ್ಲಿ ಕುಳಿತೇ ಬರೆದರು. ಒಂದು ದೊಡ್ಡ ಉದ್ಯಮದ ಆರಂಭವು ಪ್ರಾರಂಭಕ್ರಮವನ್ನೇ ಮರೆತಿದ್ದಿತೆಂಬುದು ಸ್ವಾರಸ್ಯವಾದ ಸಂಗತಿ.

ಸ್ವಿಚ್ಚುಗಳ ಈ ಕಷ್ಟವನ್ನು ತಪ್ಪಿಸಿದುದು ಓದುವುದಕ್ಕೆ ಮಾತ್ರ ಬರುವ, ಅಳಿಯದ ರೋಮ್ ಸ್ಮೃತಿ. ೧೯೭೬ರ ಆಪಲ್-೧ ಯಂತ್ರದಲ್ಲಿ ಸ್ಟೀವ್ ವೋಜ್ನಿಯಾಕ್ ಅವರು ೨೫೬ ಬೈಟುಗಳ ಪ್ರಾರಂಭಕ್ರಮವನ್ನು ಹೀಗೆ ಅಳವಡಿಸಿದರು. ದೀಪಗಳೂ ಸ್ವಿಚ್ಚುಗಳೂ ಮುಖಫಲಕದಿಂದ ಮಾಯವಾದವು. ಅನುಕೂಲ ಬಂದಿತು, ಅದರೊಡನೆ ಕುರುಡುತನವೂ ಬಂದಿತು: ಈಗ ಯಂತ್ರ ಪ್ರಾರಂಭವಾಗದಿದ್ದರೆ ನೋಡಲು ಏನೂ ಇಲ್ಲ.

ಈ ಕೊರತೆಗೆ ಐ.ಬಿ.ಎಂ. ಸಂಸ್ಥೆಯು ೧೯೮೧ರ ಆಗಸ್ಟ್ ೧೨ರಂದು ಪ್ರಕಟಿಸಿದ ವೈಯಕ್ತಿಕ ಗಣಕದಲ್ಲಿ ಕೊಟ್ಟ ಉತ್ತರವು, ಅನೇಕ ರೂಪಾಂತರಗಳೊಡನೆ, ಈಗಲೂ ನಡೆದುಬರುತ್ತಿರುವುದರಿಂದ ಅದನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಅದರ ೮೦೮೮ ಪ್ರೊಸೆಸರ್ ಎಚ್ಚರಗೊಂಡೊಡನೆ ತನ್ನ ವಿಳಾಸಾವಕಾಶದ ತುದಿಯಿಂದ ೧೬ ಬೈಟುಗಳಷ್ಟು ಕೆಳಗಿರುವ ಒಂದೇ ಒಂದು ನಿಯತಸ್ಥಳವನ್ನು ನೋಡುತ್ತದೆ. ಅಲ್ಲಿ ರೋಮ್‌ನಲ್ಲಿರುವ ಬಯೋಸ್ ಎಂಬ ಕ್ರಮಕ್ಕೆ ದಾರಿ ತೋರಿಸಲಾಗಿದೆ. ಬಯೋಸ್ ಎಂಬ ಹೆಸರು ಗ್ಯಾರಿ ಕಿಲ್ಡಾಲ್ ಅವರ ಸಿ.ಪಿ./ಎಂ. ವ್ಯವಸ್ಥೆಯಲ್ಲಿ ಅದಕ್ಕೆ ಮೊದಲೇ ರೂಢಿಗೆ ಬಂದಿದ್ದಿತು. ಐ.ಬಿ.ಎಂ. ಯಂತ್ರದ ಬಯೋಸ್ ಮೊದಲು ಮಾಡುತ್ತಿದ್ದ ಕೆಲಸವೆಂದರೆ ಆತ್ಮಪರೀಕ್ಷೆ. ಪ್ರೊಸೆಸರ್ ಸರಿಯಿದೆಯೆ, ರೋಮ್‌ನಲ್ಲಿರುವ ಪಾಠದ ಮೊತ್ತ ಸರಿಹೋಗುವುದೆ, ಕಾಲಮಾಪಕ ನಡೆಯುವುದೆ, ಸ್ಮೃತಿಯ ಮೊದಲ ಭಾಗ ಬರೆದುದನ್ನು ಉಳಿಸಿಕೊಳ್ಳುವುದೆ. ಅನಂತರ ಪರದೆ, ಕೀಲಿಮಣೆ, ಡಿಸ್ಕ್. ಈ ಅನುಕ್ರಮದಲ್ಲಿ ಪರದೆಯು ನಡುವೆ ಬರುತ್ತದೆ. ಪರದೆಯ ಪರೀಕ್ಷೆಗೆ ಮುಂಚೆ ದೋಷ ಸಿಕ್ಕಿದರೆ ಬರೆದು ತಿಳಿಸುವಂತಿಲ್ಲ. ಆದುದರಿಂದ ಪೆಟ್ಟಿಗೆಯೊಳಗಿನ ಪುಟ್ಟ ಧ್ವನಿವರ್ಧಕದಿಂದ ಕೂಗಿ ತಿಳಿಸುವ ಏರ್ಪಾಡನ್ನು ಮಾಡಿದರು. ಒಂದು ಕಿರುಗೂಗು ಎಂದರೆ ಎಲ್ಲವೂ ಕ್ಷೇಮ. ಒಂದು ದೀರ್ಘ ಎರಡು ಹ್ರಸ್ವ ಎಂದರೆ ಪರದೆಯ ಕಾರ್ಡಿನಲ್ಲಿ ದೋಷ. ಛಂದಸ್ಸನ್ನು ಬಲ್ಲ ನಮ್ಮ ವಿದ್ಯಾರ್ಥಿಗಳು ಇದನ್ನು ಒಂದು ಗುರು ಎರಡು ಲಘು ಎಂದು ನೆನಪಿಟ್ಟುಕೊಳ್ಳಬಹುದು. ಪರದೆ ಬಂದ ಮೇಲೆ ದೋಷಗಳು ಅಂಕಿಗಳಾಗಿ ಕಾಣಿಸಿಕೊಳ್ಳುತ್ತಿದ್ದವು: ೨೦೧ ಎಂದರೆ ಸ್ಮೃತಿ, ೩೦೧ ಎಂದರೆ ಕೀಲಿಮಣೆ, ೬೦೧ ಎಂದರೆ ಫ್ಲಾಪಿ.

ಪ್ರಾರಂಭವಿಘ್ನದ ನಿದಾನಕ್ರಮವೆಲ್ಲ ಈ ಅನುಕ್ರಮದ ಮೇಲೆ ನಿಂತಿದೆ. ಪ್ರತಿಯೊಂದು ಹಂತವೂ ಹಿಂದಿನ ಹಂತ ಮುಗಿದುದಕ್ಕೆ ಸಾಕ್ಷಿ. ಅಂಕಿಯೊಂದು ಪರದೆಯ ಮೇಲೆ ಮೂಡಿತೆಂದರೆ ವಿದ್ಯುತ್ತು, ಪ್ರೊಸೆಸರ್, ರೋಮ್, ಮೊದಲ ಸ್ಮೃತಿ, ಪರದೆಯ ಕಾರ್ಡು ಇಷ್ಟೂ ನಿರ್ದೋಷಿಗಳೆಂದು ಸಿದ್ಧವಾಗುತ್ತದೆ. ಅವುಗಳನ್ನು ಬಿಚ್ಚಿ ನೋಡುವುದು ವ್ಯರ್ಥ. ಯಂತ್ರವು ಕಡೆಯದಾಗಿ ಖಚಿತವಾಗಿ ಮಾಡಿದುದೇನು ಎಂಬುದನ್ನು ಗೊತ್ತುಮಾಡಿಕೊಂಡು, ದೋಷವನ್ನು ಅದರ ಮುಂದಿನ ಹಂತದಲ್ಲಿ ಹುಡುಕಬೇಕು. ಶಾಸನವೊಂದರಲ್ಲಿ ಉಲ್ಲೇಖಗೊಂಡ ಕಡೆಯ ರಾಜನಿಂದ ಅದರ ಕಾಲದ ಒಂದು ಮೇರೆಯನ್ನು ನಾವು ಕಟ್ಟುವುದು ಇದೇ ಬಗೆಯ ತರ್ಕದಿಂದ.

ನಿಪುಣರಾದ ದುರಸ್ತಿಗಾರರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತಾರೆ. ಪಂಖ ತಿರುಗುತ್ತದೆ, ಆದರೆ ಪರದೆಯೂ ಇಲ್ಲ ಕೂಗೂ ಇಲ್ಲ ಎಂಬಂತಹ ಯಂತ್ರದಲ್ಲಿ ಅವರು ಸ್ಮೃತಿಯ ಪಟ್ಟಿಗಳನ್ನು ಬೇಕೆಂದೇ ಕಿತ್ತು ಸ್ವಿಚ್ಚು ಹಾಕುತ್ತಾರೆ. ಈಗ ಯಂತ್ರ ಕೂಗಿದರೆ ಸ್ಮೃತಿಯಿಲ್ಲವೆಂದು ದೂರುವಷ್ಟು ಪ್ರಜ್ಞೆ ಅದಕ್ಕಿದೆ, ಪ್ರೊಸೆಸರೂ ಬಯೋಸೂ ಬದುಕಿವೆ ಎಂದಾಯಿತು. ಆಗಲೂ ಮೌನವಾಗಿದ್ದರೆ ದೋಷವು ಇನ್ನೂ ಕೆಳಗಿದೆ. ಮೂಕಸಾಕ್ಷಿಯನ್ನು ನುಡಿಸಲು ಹೊಸದೊಂದು ದೋಷವನ್ನು ತಾವೇ ಹುಟ್ಟಿಸುವ ಈ ಉಪಾಯ ನಮಗೆ ಬಹಳ ಮೆಚ್ಚುಗೆಯಾಯಿತು. ನಮ್ಮ ಊರುಗಳಲ್ಲಿ ಪ್ರಚಾರದಲ್ಲಿರುವ ಇನ್ನೊಂದು ಉಪಚಾರವೆಂದರೆ, ಆ ಸ್ಮೃತಿಪಟ್ಟಿಗಳ ಚಿನ್ನದ ಬಣ್ಣದ ಅಂಚನ್ನು ಸೀಸದ ಕಡ್ಡಿ ಅಳಿಸುವ ರಬ್ಬರಿನಿಂದ ಉಜ್ಜಿ ಮತ್ತೆ ಕೂರಿಸುವುದು. ಧೂಳೂ ಕಿಲುಬೂ ಹೋಗಿ ಸಂಪರ್ಕ ಸರಿಯಾಗುವುದರಿಂದ ಇದು ಅನೇಕ ವೇಳೆ ಫಲಿಸುವುದು ನಿಜ. ಕಿತ್ತು ಮತ್ತೆ ಒತ್ತಿ ಕೂರಿಸಿದುದರಿಂದಲೇ ಸರಿಹೋದ ಯಂತ್ರಗಳ ಕೀರ್ತಿಯೂ ರಬ್ಬರಿಗೇ ಸಂದಿರಬೇಕು.

ಐ.ಬಿ.ಎಂ. ಸಂಸ್ಥೆಯು ತನ್ನ ಬಯೋಸಿನ ಸಂಪೂರ್ಣ ಪಾಠವನ್ನು ತಾಂತ್ರಿಕ ಕೈಪಿಡಿಯಲ್ಲಿ ಅಚ್ಚುಮಾಡಿಸಿದ್ದಿತು. ಓದಬಹುದಾಗಿದ್ದಿತು, ನಕಲುಮಾಡುವಂತಿರಲಿಲ್ಲ; ಅದಕ್ಕೆ ಕೃತಿಸ್ವಾಮ್ಯವಿದ್ದಿತು. ಅದಕ್ಕೆ ಸಮಾನವಾದ ಯಂತ್ರವನ್ನು ಕಟ್ಟಬಯಸಿದ ಕಾಂಪ್ಯಾಕ್ ಸಂಸ್ಥೆಯೂ, ೧೯೮೪ರಲ್ಲಿ ಫೀನಿಕ್ಸ್ ಸಂಸ್ಥೆಯೂ, ಮೂಲಪಾಠವನ್ನು ನೋಡದವರಿಂದಲೇ ಹೊಸ ಬಯೋಸನ್ನು ಬರೆಯಿಸಿದವು. ಬಳಿಕ ಎ.ಎಂ.ಐ., ಅವಾರ್ಡ್ ಮೊದಲಾದವರ ಬಯೋಸುಗಳೂ ಬಂದವು. ಕೆಲಸ ಒಂದೇ, ಪಾಠ ಬೇರೆ ಬೇರೆ. ಕೂಗಿನ ಸಂಕೇತಗಳೂ ಹಾಗೆಯೇ ಬೇರೆ ಬೇರೆಯಾದವು. ಪರದೆಯ ಸ್ಮೃತಿಯ ದೋಷಕ್ಕೆ ಎ.ಎಂ.ಐ. ಎಂಟು ಬಾರಿ ಕೂಗುತ್ತದೆ. ಅವಾರ್ಡ್ ಹಳೆಯ ಒಂದು ದೀರ್ಘ ಎರಡು ಹ್ರಸ್ವವನ್ನೇ ಉಳಿಸಿಕೊಂಡಿತು. ಈ ಕೂಗುಭೇದಗಳನ್ನು ಬರಿಯ ತಾಂತ್ರಿಕ ಅವ್ಯವಸ್ಥೆಯೆಂದು ತಳ್ಳಿಹಾಕುವುದು ಸರಿಯಲ್ಲ. ಕೃತಿಸ್ವಾಮ್ಯದ ಕಾನೂನು ಯಂತ್ರದ ಧ್ವನಿಯಲ್ಲಿ ಬಿಟ್ಟುಹೋದ ಗುರುತುಗಳು ಅವು ಎಂದು ನಾವು ಭಾವಿಸುತ್ತೇವೆ. ಕೂಗನ್ನು ಎಣಿಸುವ ಮೊದಲು ಬಯೋಸ್ ಯಾರದೆಂದು ತಿಳಿಯದಿದ್ದರೆ, ಲಿಪಿಯ ಕಾಲವನ್ನರಿಯದೆ ಅಕ್ಷರವನ್ನು ಓದಿದಂತಾಗುತ್ತದೆ.

ಕನ್ನಡಿಗರಿಗೆ ಇಲ್ಲೊಂದು ಹೆಚ್ಚಿನ ತೊಡಕಿದ್ದಿತು. ಪ್ರಾರಂಭದ ಹಂತದಲ್ಲಿ ಪರದೆಯ ಮೇಲೆ ಮೂಡುವ ಅಕ್ಷರಗಳು ಪರದೆಯ ಕಾರ್ಡಿನ ರೋಮ್‌ನಲ್ಲಿ ಕೊರೆದಿಟ್ಟ ೨೫೬ ಚಿಹ್ನೆಗಳು ಮಾತ್ರ. ಅವುಗಳಲ್ಲಿ ಇಂಗ್ಲಿಷ್ ಅಕ್ಷರಗಳು, ಕೆಲವು ಯೂರೋಪಿಯನ್ ಮತ್ತು ಗ್ರೀಕ್ ಅಕ್ಷರಗಳು, ಪೆಟ್ಟಿಗೆ ಬರೆಯುವ ಗೆರೆಗಳು ಇದ್ದವು. ಭಾರತದ ಯಾವ ಲಿಪಿಯೂ ಇರಲಿಲ್ಲ. ೧೯೯೧ರಲ್ಲಿ ಯೂನಿಕೋಡಿನ ಮೊದಲ ಆವೃತ್ತಿಯಲ್ಲಿ ಕನ್ನಡಕ್ಕೆ ಸ್ಥಾನ ದೊರೆಯಿತು, ೧೯೯೮ರಲ್ಲಿ 'ಬರಹ' ತಂತ್ರಾಂಶ ಬಂದಿತು. ಆದರೆ ಇವೆಲ್ಲ ಕೆಲಸಮಾಡುವುದು ಕಾರ್ಯಾಚರಣ ವ್ಯವಸ್ಥೆಯು ಎದ್ದುನಿಂತ ಮೇಲೆ. ಯಂತ್ರವು ನಡೆಯುವಾಗ ಕನ್ನಡದಲ್ಲಿ ಬರೆಯಬಲ್ಲದು, ಬಿದ್ದಾಗ ಇಂಗ್ಲಿಷಿನಲ್ಲಿಯೇ ನರಳುತ್ತದೆ. ಇದರ ಪರಿಣಾಮವು ನಿದಾನದ ಮೇಲೂ ಆಯಿತು. ಕಚೇರಿಯ ಗುಮಾಸ್ತರು ದುರಸ್ತಿಗಾರನಿಗೆ ಫೋನು ಮಾಡಿ 'ಕಪ್ಪು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂದು ನಿಂತಿದೆ' ಎಂದು ಹೇಳುವುದನ್ನು ನಾವೆಲ್ಲ ಕೇಳಿದ್ದೇವೆ. ಬಂದ ಆ 'ಏನೋ' ಒಂದೇ ನಿಜವಾದ ಸಾಕ್ಷ್ಯ; ದುರಸ್ತಿಗಾರನು ಬರುವಷ್ಟರಲ್ಲಿ ಯಂತ್ರವನ್ನು ನಾಲ್ಕಾರು ಸಲ ಆರಿಸಿ ಹಾಕಿ ಅದು ನಷ್ಟವಾಗಿರುತ್ತಿದ್ದಿತು. ಕೀಲಿಮಣೆ ಸಿಕ್ಕಲಿಲ್ಲ, ಮುಂದುವರಿಯಲು ಎಫ್-೧ ಕೀಲಿಯನ್ನು ಒತ್ತಿ ಎಂದು ಯಂತ್ರವೇ ಹೇಳುತ್ತಿದ್ದ ಪ್ರಸಿದ್ಧ ಸಂದೇಶವನ್ನು ನೋಡಿದರೆ, ಇಂಗ್ಲಿಷ್ ಬಲ್ಲವರಿಗೂ ಹೆಚ್ಚಿನ ಅನುಕೂಲವೇನೂ ಇರಲಿಲ್ಲವೆನ್ನಬೇಕು.

ಐ.ಬಿ.ಎಂ. ೧೯೮೪ರಲ್ಲಿ ಹೊರತಂದ ಎ.ಟಿ. ಮಾದರಿಯಲ್ಲಿ ಒಂದು ಗಡಿಯಾರವೂ ಯಂತ್ರದ ಏರ್ಪಾಡುಗಳನ್ನು ನೆನಪಿಡುವ ಸೀಮಾಸ್ ಎಂಬ ಸಣ್ಣ ಸ್ಮೃತಿಯೂ ಸೇರಿದವು. ಯಾವ ಡಿಸ್ಕಿದೆ, ಎಷ್ಟು ಸ್ಮೃತಿಯಿದೆ ಎಂಬ ವಿವರಗಳನ್ನು ಯಂತ್ರ ಆರಿರುವಾಗಲೂ ಕಾಪಾಡಲು ಅದಕ್ಕೊಂದು ಬ್ಯಾಟರಿಯನ್ನು ಇಟ್ಟರು. ಮುಂದೆ ಈ ಬ್ಯಾಟರಿಯು ಒಂದು ರೂಪಾಯಿ ನಾಣ್ಯದ ಆಕಾರದ, ಅಂಗಡಿಗಳಲ್ಲಿ ಸುಲಭವಾಗಿ ಸಿಕ್ಕುವ ಸೆಲ್ ಆಯಿತು. ನಮ್ಮ ವಿಭಾಗದ ಗಣಕದ ಕಥೆ ಇಲ್ಲಿಗೆ ಸೇರಿದುದು. ದುರಸ್ತಿಗಾರರು ಡಿಸ್ಕನ್ನು ಅಳಿಸಲು ಸಿದ್ಧರಾಗಿ ಬಯೋಸಿನ ಪರದೆಯನ್ನು ತೆರೆದಾಗ, ಅದರ ಮೂಲೆಯಲ್ಲಿದ್ದ ದಿನಾಂಕ ನಮ್ಮ ಕಣ್ಣಿಗೆ ಬಿದ್ದಿತು. ಅದು ಹಲವು ವರ್ಷಗಳ ಹಿಂದಿನ ಜನವರಿ ೧ ಆಗಿದ್ದಿತು. ದಿನಾಂಕಗಳನ್ನು ಶಂಕಿಸುವುದು ನಮ್ಮ ವೃತ್ತಿ. ಬಯೋಸಿಗೆ ತಾನು ಬರೆಯಲ್ಪಟ್ಟ ಕಾಲಕ್ಕಿಂತ ಮುಂದಿನ ನೆನಪೇನೂ ಉಳಿದಿಲ್ಲವೆಂಬುದು ಅದರಿಂದ ಸ್ಪಷ್ಟವಾಯಿತು. ನೆನಪನ್ನು ಕಳೆದುಕೊಂಡ ಯಂತ್ರ ಗಡಿಯಾರವನ್ನು ಮಾತ್ರವೇ ಮರೆತಿರಲಾರದು. ಗೋಡೆಯ ಸ್ವಿಚ್ಚು ಹಾಕಿರುವಷ್ಟು ಕಾಲ ಈ ಸ್ಮೃತಿಯು ಮನೆಯ ವಿದ್ಯುತ್ತಿನಿಂದಲೇ ಜೀವಿಸುತ್ತದೆ. ಸೆಲ್ ಸತ್ತಿದ್ದರೂ ಯಾರಿಗೂ ತಿಳಿಯುವುದಿಲ್ಲ. ರಜೆಯಲ್ಲಿ ಕೊಠಡಿಯ ಸ್ವಿಚ್ಚನ್ನು ತೆಗೆದಿದ್ದರಿಂದ ಎಲ್ಲ ಏರ್ಪಾಡುಗಳೂ ಅಳಿಸಿಹೋಗಿ, ಕಾರ್ಖಾನೆಯ ಮೂಲ ಏರ್ಪಾಡುಗಳು ಬಂದು ಕುಳಿತಿದ್ದವು. ಅವುಗಳಲ್ಲಿ ಡಿಸ್ಕಿನೊಡನೆ ಮಾತನಾಡುವ ವಿಧಾನವೂ ಒಂದು. ಆ ಯಂತ್ರದಲ್ಲಿ ಎ.ಎಚ್.ಸಿ.ಐ. ಎಂಬ ವಿಧಾನದ ಬದಲು ಹಳೆಯ ಐ.ಡಿ.ಇ. ವಿಧಾನ ನೆಲೆಗೊಂಡಿದ್ದಿತು. ಮೊದಲನೆಯದಕ್ಕೆ ಹೊಂದಿಕೊಂಡಿದ್ದ ವಿಂಡೋಸ್ ವ್ಯವಸ್ಥೆಯು ತನ್ನ ಡಿಸ್ಕನ್ನೇ ಗುರುತಿಸಲಾರದೆ ನೀಲಿಯ ಪರದೆಯಲ್ಲಿ ನಿಲ್ಲುತ್ತಿದ್ದಿತು. ಮೊದಲು ಯಾವ ವಿಧಾನವಿದ್ದಿತೆಂಬುದು, ಯಂತ್ರವನ್ನು ಅಳವಡಿಸಿದವರು ದಾಸ್ತಾನು ಪುಸ್ತಕದಲ್ಲಿ ಅಂಟಿಸಿಹೋಗಿದ್ದ ಚೀಟಿಯೊಂದರಿಂದ ತಿಳಿಯಿತು. ಹೊಸ ಸೆಲ್ ಹಾಕಿ, ಆ ಒಂದು ಏರ್ಪಾಡನ್ನು ಬದಲಿಸಿದ ಮೇಲೆ ಯಂತ್ರ ಪ್ರಾರಂಭವಾಯಿತು. ಡಿಸ್ಕಿನಲ್ಲಿ ಯಾವ ದೋಷವೂ ಇರಲಿಲ್ಲ. ಶಾಸನಪಾಠಗಳನ್ನು ಅಂದೇ ಎರಡು ಕಡೆ ಪ್ರತಿಮಾಡಿದೆವು.

ದುರಸ್ತಿಗಾರರನ್ನು ದೂರುವ ಉದ್ದೇಶ ನಮಗಿಲ್ಲ. ಅವರ ದಿನದ ಕೂಲಿಯು ಎಷ್ಟು ಯಂತ್ರಗಳನ್ನು ಎದ್ದುನಿಲ್ಲಿಸಿದರು ಎಂಬುದರ ಮೇಲೆ ನಿಂತಿದೆ; ಅಳಿಸಿ ಹೊಸದಾಗಿ ಹಾಕುವುದು ಎಲ್ಲಕ್ಕಿಂತ ನಿಶ್ಚಿತವಾದ ದಾರಿ. ಯಂತ್ರವನ್ನು ಎಬ್ಬಿಸುವುದು ಬೇರೆ, ಅದರಲ್ಲಿದ್ದುದನ್ನು ಉಳಿಸುವುದು ಬೇರೆ ಎಂಬ ಭೇದವನ್ನು ಕರೆದವರು ಮೊದಲೇ ಹೇಳಬೇಕಾಗಿದ್ದಿತು. ನಾವು ಹೇಳಿರಲಿಲ್ಲ.

ಇಂಟೆಲ್ ಸಂಸ್ಥೆಯು ೧೯೯೫ರಲ್ಲಿ ಗೊತ್ತುಪಡಿಸಿದ ಎ.ಟಿ.ಎಕ್ಸ್. ರಚನೆಯಿಂದ ಪ್ರಾರಂಭದ ಗುಂಡಿಯ ಅರ್ಥವೇ ಬದಲಾಯಿತು. ಅದಕ್ಕೆ ಮುಂಚಿನ ಗುಂಡಿಯು ನೇರವಾಗಿ ವಿದ್ಯುತ್ತನ್ನು ಹರಿಸುವ ಸ್ವಿಚ್ಚು. ಹೊಸ ಗುಂಡಿಯಾದರೋ ಒಂದು ವಿಜ್ಞಾಪನೆ ಮಾತ್ರ. ಅದನ್ನು ಒತ್ತಿದಾಗ ಮದರ್‌ಬೋರ್ಡು, ನಮ್ಮಲ್ಲಿ ಎಲ್ಲರೂ ಎಸ್.ಎಂ.ಪಿ.ಎಸ್. ಎಂದು ಕರೆಯುವ ವಿದ್ಯುತ್ ಪೆಟ್ಟಿಗೆಯನ್ನು ಕೇಳಿಕೊಳ್ಳುತ್ತದೆ. ಆ ಪೆಟ್ಟಿಗೆಯು ತನ್ನ ವೋಲ್ಟೇಜುಗಳು ನೆಲೆಗೊಂಡವೆಂಬ ಸಂಕೇತವನ್ನು ಅರ್ಧ ಸೆಕೆಂಡಿನೊಳಗೆ ಕಳುಹಿಸುತ್ತದೆ. ಆ ಸಂಕೇತ ಬರುವವರೆಗೆ ಪ್ರೊಸೆಸರನ್ನು ಎಚ್ಚರಗೊಳ್ಳದಂತೆ ಹಿಡಿದಿಡಲಾಗುತ್ತದೆ. ಪಂಖ ತಿರುಗಿದ ಮಾತ್ರಕ್ಕೆ ವಿದ್ಯುತ್ತು ಸರಿಯಿದೆಯೆಂದು ತೀರ್ಮಾನಿಸಲಾಗದು ಎಂಬುದಕ್ಕೆ ಕಾರಣ ಇದು. ವೋಲ್ಟೇಜು ಏರಿಳಿಯುವ ಊರುಗಳಲ್ಲಿ ಗಣಕ ಏಳದಿದ್ದರೆ ಮೊದಲು ಪರೀಕ್ಷೆಗೆ ಒಳಗಾಗುವುದು ಈ ಪೆಟ್ಟಿಗೆಯೇ. ಅದು ಯುಕ್ತವೂ ಹೌದು.

ಇದೇ ಕಾಲಕ್ಕೆ ಸೇರಿದ ಒಂದು ವ್ಯಾಪಕ ವಿಘ್ನವೆಂದರೆ ಕೆಪ್ಯಾಸಿಟರುಗಳದು. ಸುಮಾರು ೧೯೯೯ರಿಂದ ೨೦೦೭ರವರೆಗೆ ತಯಾರಾದ ಅನೇಕ ಮದರ್‌ಬೋರ್ಡುಗಳಲ್ಲಿ ಕಳಪೆ ದ್ರಾವಣ ತುಂಬಿದ ಕೆಪ್ಯಾಸಿಟರುಗಳು ಸೇರಿಹೋಗಿದ್ದವು. ಕೆಲವು ವರ್ಷ ಕಳೆದ ಮೇಲೆ ಅವುಗಳ ತಲೆ ಉಬ್ಬಿ, ಕಂದುಬಣ್ಣದ ರಸ ಒಸರುತ್ತಿದ್ದಿತು. ಅಂತಹ ಯಂತ್ರಗಳ ಲಕ್ಷಣ ವಿಚಿತ್ರವಾದುದು: ಚಳಿಯ ಬೆಳಗಿನಲ್ಲಿ ಮೊದಲ ಒಂದೆರಡು ಪ್ರಯತ್ನಕ್ಕೆ ಏಳುವುದಿಲ್ಲ, ಐದಾರು ಬಾರಿ ಗುಂಡಿಯನ್ನೊತ್ತಿದ ಮೇಲೆ ಎದ್ದರೆ ಸಂಜೆಯವರೆಗೆ ನಡೆಯುತ್ತವೆ. ಕೆಡುತ್ತಿರುವ ಕೆಪ್ಯಾಸಿಟರಿನ ಆಂತರಿಕ ರೋಧವು ತಂಪಿನಲ್ಲಿ ಹೆಚ್ಚಾಗಿ ಬಿಸಿಯಲ್ಲಿ ಇಳಿಯುವುದು ಅದಕ್ಕೆ ಕಾರಣ. ಇಲ್ಲಿ ಯಂತ್ರದ ಕೂಗಿಗಾಗಿ ಕಾಯಬೇಕಾಗಿಲ್ಲ. ಪೆಟ್ಟಿಗೆಯ ಬಾಗಿಲನ್ನು ತೆಗೆದು ನೋಡಿದರೆ ಸಾಕು. ಪುರಾತನವಾದ ಕಣ್ಣಿನ ಸಾಕ್ಷ್ಯ ಮತ್ತೊಮ್ಮೆ ಉಪಯೋಗಕ್ಕೆ ಬಂದ ಪ್ರಸಂಗವಿದು.

ಬಯೋಸನ್ನು ಅಳಿಸಿ ಬರೆಯಬಹುದಾದ ಫ್ಲ್ಯಾಶ್ ಸ್ಮೃತಿಯಲ್ಲಿ ಇಡತೊಡಗಿದಾಗ, ತಪ್ಪುಗಳನ್ನು ತಿದ್ದಲು ಚಿಪ್ಪನ್ನು ಬದಲಿಸಬೇಕಾದ ಕಷ್ಟ ತಪ್ಪಿತು. ಆದರೆ ತಿದ್ದಲು ಬರುವುದನ್ನು ಕೆಡಿಸಲೂ ಬರುತ್ತದೆ. ತೈವಾನಿನ ಚೆನ್ ಇಂಗ್-ಹೌ ಎಂಬ ವಿದ್ಯಾರ್ಥಿಯು ೧೯೯೮ರಲ್ಲಿ ಬರೆದ ಸಿ.ಐ.ಎಚ್. ಎಂಬ ವೈರಸ್ ೧೯೯೯ರ ಏಪ್ರಿಲ್ ೨೬ರಂದು ಜಾಗೃತವಾಗಿ, ಡಿಸ್ಕಿನ ಮೊದಲ ಒಂದು ಮೆಗಾಬೈಟನ್ನು ಸೊನ್ನೆಗಳಿಂದ ತುಂಬಿತಲ್ಲದೆ ಕೆಲವು ಬಗೆಯ ಮದರ್‌ಬೋರ್ಡುಗಳಲ್ಲಿ ಬಯೋಸನ್ನೇ ಅಳಿಸಿಹಾಕಿತು. ಅಂತಹ ಯಂತ್ರವು ಎಚ್ಚರಗೊಂಡು ನಿಯತಸ್ಥಳವನ್ನು ನೋಡಿದರೆ ಅಲ್ಲಿ ದಾರಿತೋರುವ ಅಕ್ಷರವೇ ಇಲ್ಲ. ಕೂಗಲು ಹೇಳುವ ಆದೇಶವೂ ಅಳಿಸಿಹೋದ ಮೇಲೆ ಯಾವ ಸಾಕ್ಷ್ಯವೂ ಹೊರಡದು. ಎನಿಯಾಕ್ ಕಾಲದಿಂದ ಅದುವರೆಗೆ ಪ್ರಾರಂಭವಿಘ್ನಗಳು ಬಹುಮಟ್ಟಿಗೆ ಸವಕಳಿಯಿಂದಲೋ ಅಜಾಗರೂಕತೆಯಿಂದಲೋ ಆಗುತ್ತಿದ್ದವು. ಒಬ್ಬನ ಸಂಕಲ್ಪದಿಂದ ದೂರದ ಲಕ್ಷಾಂತರ ಯಂತ್ರಗಳ ಮೊದಲ ಮಾತನ್ನೇ ಕಸಿಯಬಹುದೆಂಬುದು ಅಂದು ತಿಳಿದುಬಂದಿತು.

ಡಿಸ್ಕಿನ ಮೊದಲ ೫೧೨ ಬೈಟುಗಳಲ್ಲಿ ಪ್ರಾರಂಭಸೂಚಿಯನ್ನು ಇಡುವ ೧೯೮೩ರ ಪದ್ಧತಿಯು ಬಹುಕಾಲ ನಡೆದುಬಂದಿತು. ಅದರಲ್ಲಿ ಆದೇಶಗಳಿಗೆ ಇದ್ದ ಸ್ಥಳ ೪೪೬ ಬೈಟು. ಅದರ ಅಂಕಿಗಳು ಎರಡು ಟೆರಾಬೈಟಿನಾಚೆಗಿನ ಡಿಸ್ಕನ್ನು ಎಣಿಸಲಾರವು. ೨೦೦೫ರಲ್ಲಿ ರಚಿತವಾದ ಕೂಟದ ಮೂಲಕ ಯು.ಇ.ಎಫ್.ಐ. ಎಂಬ ಹೊಸ ಕ್ರಮವು ಬಯೋಸಿನ ಸ್ಥಾನಕ್ಕೆ ಬಂದಿತು. ೨೦೧೨ರ ವಿಂಡೋಸ್ ೮ರೊಡನೆ, ಮುದ್ರೆಯಿಲ್ಲದ ಪ್ರಾರಂಭಕ್ರಮವನ್ನು ನಿರಾಕರಿಸುವ ರಕ್ಷಣೆಯೂ ಪ್ರಚಾರಕ್ಕೆ ಬಂದಿತು. ಸಿ.ಐ.ಎಚ್.ನಂತಹ ಅನುಭವಗಳ ಅನಂತರ ಇದರ ಅಗತ್ಯವನ್ನು ಅಲ್ಲಗಳೆಯುವಂತಿಲ್ಲ. ಆದರೆ ಆತ್ಮಪರೀಕ್ಷೆಯ ಸಾಲುಗಳನ್ನು ತಯಾರಕರ ಲಾಂಛನವು ಮುಚ್ಚಿತು. ಅನೇಕ ಮದರ್‌ಬೋರ್ಡುಗಳೊಡನೆ ಧ್ವನಿವರ್ಧಕವನ್ನು ಕೊಡುವುದೂ ನಿಂತಿತು. ಬೇಗ ಏಳಬೇಕೆಂಬ ಅಪೇಕ್ಷೆಗೆ ಪರೀಕ್ಷೆಗಳನ್ನೇ ಮೊಟಕುಗೊಳಿಸಲಾಯಿತು.

ಕಡೆಯದಾಗಿ ೨೦೨೪ರ ಜುಲೈ ೧೯ರ ಘಟನೆ. ಕ್ರೌಡ್‌ಸ್ಟ್ರೈಕ್ ಎಂಬ ಸಂಸ್ಥೆಯು ತನ್ನ ರಕ್ಷಣಾ ತಂತ್ರಾಂಶಕ್ಕೆ ಕಳುಹಿಸಿದ ದೋಷಯುಕ್ತ ಕಡತವೊಂದರಿಂದ, ಮೈಕ್ರೋಸಾಫ್ಟ್ ಸಂಸ್ಥೆಯ ಅಂದಾಜಿನಂತೆ ೮೫ ಲಕ್ಷ ವಿಂಡೋಸ್ ಯಂತ್ರಗಳು ನೀಲಿಯ ಪರದೆಯಲ್ಲಿ ನಿಂತವು. ಎಷ್ಟೋ ಯಂತ್ರಗಳು ಏಳುತ್ತ ಬೀಳುತ್ತ ಸುತ್ತತೊಡಗಿದವು. ಭಾರತದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಬರಹದ ಚೀಟಿಗಳನ್ನು ಬರೆದುಕೊಟ್ಟರು. ಈ ಯಂತ್ರಗಳಲ್ಲಿ ವಿದ್ಯುತ್ತು, ಸ್ಮೃತಿ, ಡಿಸ್ಕ್ ಎಲ್ಲವೂ ಸರಿಯಾಗಿದ್ದವು. ಪರಿಹಾರವೂ ಗೊತ್ತಿದ್ದಿತು: ವಿಂಡೋಸ್ ೯೫ರ ಕಾಲದಿಂದ ಇರುವ ಸುರಕ್ಷಿತ ಸ್ಥಿತಿಯಲ್ಲಿ ಯಂತ್ರವನ್ನು ಎಬ್ಬಿಸಿ, ಆ ಒಂದು ಕಡತವನ್ನು ಅಳಿಸುವುದು. ಕೆಡುಕು ಒಂದೆರಡು ಗಂಟೆಗಳಲ್ಲಿ ತಂತಿಯ ಮೂಲಕ ಹರಡಿತ್ತು. ಪರಿಹಾರಕ್ಕೆ ಬಹುಮಟ್ಟಿಗೆ ಮನುಷ್ಯರು ಒಂದೊಂದು ಯಂತ್ರದ ಮುಂದೆಯೂ ಹೋಗಿ ಕುಳಿತುಕೊಳ್ಳಬೇಕಾಯಿತು, ಏಕೆಂದರೆ ಪ್ರಾರಂಭವಾಗದ ಯಂತ್ರಕ್ಕೆ ದೂರದಿಂದ ಏನನ್ನೂ ಹೇಳಿಕಳುಹಿಸಲಾಗದು. ಡಿಸ್ಕಿಗೆ ಗೂಢಲಿಪಿಯ ರಕ್ಷಣೆಯಿದ್ದ ಯಂತ್ರಗಳು ಸುರಕ್ಷಿತ ಸ್ಥಿತಿಗೆ ಬಿಡುವ ಮುನ್ನ ೪೮ ಅಂಕಿಗಳ ಕೀಲಿಯನ್ನು ಕೇಳಿದವು. ಕೆಲವು ಸಂಸ್ಥೆಗಳಲ್ಲಿ ಆ ಕೀಲಿಗಳ ಪಟ್ಟಿಯನ್ನು ಇಟ್ಟಿದ್ದ ಯಂತ್ರವೂ ಬಿದ್ದ ಯಂತ್ರಗಳಲ್ಲಿ ಒಂದಾಗಿದ್ದಿತು.

ನಮ್ಮ ವಿಭಾಗಕ್ಕೆ ಆಮೇಲೆ ಬಂದ ಹೊಸ ಗಣಕದಲ್ಲಿಯೂ ಈ ರಕ್ಷಣೆಯಿದೆಯೆಂಬುದು ಈ ಲೇಖನವನ್ನು ಸಿದ್ಧಪಡಿಸುವಾಗ ಗೊತ್ತಾಯಿತು. ಅದರ ೪೮ ಅಂಕಿಗಳನ್ನು ಶಾಯಿಯಲ್ಲಿ ಬರೆದು, ಇಬ್ಬರು ಓದಿ ಒಪ್ಪಿಟ್ಟು, ದಾಸ್ತಾನು ಪುಸ್ತಕದಲ್ಲಿ ಹಳೆಯ ಚೀಟಿಯ ಪಕ್ಕದಲ್ಲಿಯೇ ಅಂಟಿಸಿ, ಪುಸ್ತಕವನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ್ದೇವೆ.